ಉಸಿರುರಕ್ಷಕ ಮಾಸ್ಕ್‌ಗಳ ಹೊಂದಿಕೆ ಪರೀಕ್ಷೆ: ಪೀರನವಾಡಿ ಸುತ್ತಲಿನ ಎರಕದ ಉದ್ಯಮದ ಹಿನ್ನೆಲೆಯಲ್ಲಿ

ದೂಳು, ಹೊಗೆ ಅಥವಾ ಅನಿಲ ಇರುವ ಕಡೆ ದುಡಿಯುವವರು ಹಾಕಿಕೊಳ್ಳುವ ಉಸಿರುರಕ್ಷಕ ಮಾಸ್ಕ್ ಅವರವರ ಮುಖಕ್ಕೆ ಸಂದಿಯಿಲ್ಲದೆ ಕೂರುತ್ತದೆಯೇ ಎಂದು ನೋಡುವ ಕ್ರಮವೇ ಹೊಂದಿಕೆ ಪರೀಕ್ಷೆ. ಕಾರ್ಖಾನೆಗಳಲ್ಲಿ ಇದನ್ನು ಫಿಟ್ ಟೆಸ್ಟ್ ಎಂದೇ ಕರೆಯುತ್ತಾರೆ. ಮಾಸ್ಕಿನ ಪೊಟ್ಟಣದ ಮೇಲೆ ಅಚ್ಚಾಗಿರುವ ಎನ್95, ಎಫ್‌ಎಫ್‌ಪಿ2 ಮುಂತಾದ ಗುರುತುಗಳು ಸೋಸುವ ಬಟ್ಟೆಯ ಗುಣವನ್ನು ಮುಖ್ಯವಾಗಿ ಹೇಳುತ್ತವೆ. ಆ ಮಾಸ್ಕ್ ಹಾಕಿಕೊಂಡ ವ್ಯಕ್ತಿಗೆ ಎಷ್ಟು ರಕ್ಷಣೆ ಸಿಕ್ಕಿತು ಎಂಬುದು ಅದರ ಅಂಚು ಮೂಗು, ಕೆನ್ನೆ, ಗದ್ದಗಳಿಗೆ ಎಷ್ಟು ಬಿಗಿಯಾಗಿ ಅಂಟಿದೆ ಎಂಬುದರ ಮೇಲೆ ನಿಂತಿದೆ. ಒಂದೇ ಕಂಪನಿಯ ಒಂದೇ ಮಾದರಿಯ ಮಾಸ್ಕ್ ಒಬ್ಬರಿಗೆ ಪೂರ್ತಿ ರಕ್ಷಣೆ ಕೊಟ್ಟು, ಪಕ್ಕದಲ್ಲೇ ನಿಂತವರಿಗೆ ಅರೆಬರೆ ರಕ್ಷಣೆ ಕೊಡಬಹುದು. ಆದ್ದರಿಂದ ಹೊಂದಿಕೆಯನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಪ್ರತಿಯೊಬ್ಬರ ಮುಖದ ಮೇಲೂ ಪರೀಕ್ಷಿಸಿಯೇ ತಿಳಿಯಬೇಕು.

ಪ್ರದೇಶ ಮತ್ತು ಉದ್ಯಮ

ಬೆಳಗಾವಿಯಿಂದ ಖಾನಾಪುರ, ಲೋಂಡಾ ಮಾರ್ಗವಾಗಿ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ ನಗರ ಮುಗಿಯುತ್ತಿದ್ದಂತೆ ಸಿಗುವ ಊರು ಪೀರನವಾಡಿ. ಜಾಂಬೋಟಿ, ಚೋರ್ಲಾ ಘಾಟಿನ ಕಡೆಗೆ ಹೋಗುವ ರಸ್ತೆ ಇಲ್ಲಿಂದಲೇ ಕವಲೊಡೆಯುತ್ತದೆ. ಊರಿನ ಒಂದು ಬದಿಗೆ ಉದ್ಯಮಬಾಗ ಕೈಗಾರಿಕಾ ವಸಾಹತು, ಇನ್ನೊಂದು ಬದಿಗೆ ಮಚ್ಛೆ ಕೈಗಾರಿಕಾ ಪ್ರದೇಶ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಆವರಣವೂ ಮಚ್ಛೆಯ ಬಳಿಯೇ ಇದೆ. ಸುತ್ತಲಿನ ಊರುಗಳಿಂದ ಬೆಳಗಿನ ಪಾಳಿಗೆ ಬರುವ ಕಾರ್ಮಿಕರಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ ಮಾತಾಡುವವರೆಲ್ಲ ಇದ್ದಾರೆ.

ಬೆಳಗಾವಿ ದೇಶದ ಹೆಸರಾಂತ ಎರಕದ ಕೇಂದ್ರಗಳಲ್ಲಿ ಒಂದು. ವಾಹನಗಳ ಬಿಡಿಭಾಗ, ಪಂಪು ಮತ್ತು ವಾಲ್ವ್‌ಗಳ ಹೊರಕವಚ, ಹೈಡ್ರಾಲಿಕ್ ಯಂತ್ರಗಳ ಭಾಗಗಳು ಇಲ್ಲಿನ ಫೌಂಡ್ರಿಗಳಲ್ಲಿ ತಯಾರಾಗುತ್ತವೆ. ದೊಡ್ಡ ಕಾರ್ಖಾನೆಗಳ ಜೊತೆಗೆ ಕೆಲವೇ ಮಂದಿ ದುಡಿಯುವ ಸಣ್ಣ ಘಟಕಗಳೂ ಹಲವಾರಿವೆ. ಸಣ್ಣವರು ತಾವಾಗಿ ಹೂಡಲಾಗದ ಸೌಲಭ್ಯಗಳನ್ನು ಒಟ್ಟಾಗಿ ಹೊಂದಲೆಂದು, ಕೇಂದ್ರ ಸರ್ಕಾರದ ಕೈಗಾರಿಕಾ ಮೂಲಸೌಕರ್ಯ ಉನ್ನತೀಕರಣ ಯೋಜನೆಯಡಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ರೂಪುಗೊಂಡಿತು. ಖಾನಾಪುರದ ಕಡೆಗೆ ಹೋದರೆ ಕಸುಬಿನ ಚಹರೆ ಬದಲಾಗುತ್ತದೆ. ಅಲ್ಲಿನ ಕೆಂಪು ಜೇಡಿಮಣ್ಣು ಇಟ್ಟಿಗೆ, ಹೆಂಚು, ಕುಂಬಾರಿಕೆಗೆ ಒದಗಿ ಬಂದಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಖಾನಾಪುರದಲ್ಲೇ. ಎರಕಕ್ಕೆ ಉಸುಕು, ಇಟ್ಟಿಗೆಗೆ ಜೇಡಿಮಣ್ಣು. ಎರಡರಲ್ಲೂ ಸಾಮಾನ್ಯವಾಗಿ ಇರುವ ವಸ್ತು ಸ್ಫಟಿಕರೂಪದ ಸಿಲಿಕಾ.

ಫೌಂಡ್ರಿಯಲ್ಲಿ ದೂಳು ಏಳುವ ಜಾಗಗಳು

ಫೌಂಡ್ರಿಯ ಕೆಲಸ ಉಸುಕಿನಿಂದ ಶುರುವಾಗಿ ಉಸುಕಿನಲ್ಲೇ ಮುಗಿಯುತ್ತದೆ. ಸಿಲಿಕಾ ಉಸುಕಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೀರು ಬೆರೆಸಿ ಅಚ್ಚು ಕಟ್ಟುತ್ತಾರೆ. ಎರಕದ ಒಳಗಿನ ಪೊಳ್ಳು ಭಾಗಕ್ಕಾಗಿ ಕೋರ್‌ಗಳನ್ನು ಬೇರೆಯಾಗಿ ಮಾಡಿ ಇಡುತ್ತಾರೆ. ಕ್ಯುಪೋಲಾದಲ್ಲೋ ಇಂಡಕ್ಷನ್ ಕುಲುಮೆಯಲ್ಲೋ ಕರಗಿಸಿದ ಲೋಹವನ್ನು ಹೊಯ್ದು, ಅದು ಗಟ್ಟಿಯಾದ ಮೇಲೆ ಅಚ್ಚು ಒಡೆದು ಎರಕವನ್ನು ಹೊರತೆಗೆಯುತ್ತಾರೆ. ಒದ್ದೆ ಇದ್ದಾಗ ಉಸುಕು ಅಷ್ಟಾಗಿ ದೂಳೇಳದು. ಕಾದ ಲೋಹದ ಬಿಸಿಗೆ ಅದರ ತೇವ ಆರಿಹೋಗುತ್ತದೆ, ಕಣಗಳು ಒಡೆದು ಪುಡಿಯಾಗುತ್ತವೆ. ಹಾಗಾಗಿ ಅಚ್ಚು ಒಡೆಯುವ ನಾಕೌಟ್, ಎರಕಕ್ಕೆ ಕಚ್ಚಿಕೊಂಡ ಉಸುಕನ್ನು ಬಿಡಿಸುವ ಶಾಟ್ ಬ್ಲಾಸ್ಟಿಂಗ್, ಅಂಚುಗಳನ್ನು ಉಜ್ಜಿ ನಯಮಾಡುವ ಫೆಟ್ಲಿಂಗ್ ವಿಭಾಗಗಳಲ್ಲಿ ದೂಳಿನ ಅಪಾಯ ಹೆಚ್ಚು. ಕುಲುಮೆಯ ಒಳಗೋಡೆಯ ಸವೆದ ಲೈನಿಂಗ್ ಕೆಡವುವಾಗ, ಪಾಳಿ ಮುಗಿದ ಮೇಲೆ ನೆಲವನ್ನು ಒಣಪೊರಕೆಯಲ್ಲಿ ಗುಡಿಸುವಾಗಲೂ ಏಳುವ ದೂಳು ಕಡಿಮೆಯೇನಲ್ಲ.

ಈ ದೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಬೇಗ ನೆಲ ಸೇರುತ್ತವೆ, ಇಲ್ಲವೇ ಮೂಗು ಗಂಟಲಲ್ಲಿ ತಡೆದು ನಿಲ್ಲುತ್ತವೆ. ಸುಮಾರು 4 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯಬಲ್ಲವು. ಇವು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಶೆಡ್ಡಿನಲ್ಲಿ ದೂಳು ಕಾಣುತ್ತಿಲ್ಲ ಎಂದು ಮಾಸ್ಕ್ ಕೆಳಗಿಳಿಸುವವರು ಉಸಿರಿನೊಳಗೆ ಸೇದುವುದು ಇದೇ ದೂಳನ್ನು.

ಸಿಲಿಕೋಸಿಸ್

ಸೂಕ್ಷ್ಮ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಉಳಿದು ಅಲ್ಲಿನ ಮೃದು ಅಂಗಾಂಶವನ್ನು ಗಾಯದ ಕಲೆಯಂತೆ ಗಡುಸಾಗಿಸುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೂಳಿನಲ್ಲಿ ದುಡಿದವರಲ್ಲಿ ಕಾಣಿಸಿಕೊಳ್ಳುತ್ತದೆ. ದೂಳು ವಿಪರೀತವಾಗಿದ್ದರೆ ಐದಾರು ವರ್ಷಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲೇ ಬಂದೆರಗುವುದುಂಟು. ಮೊದಲು ಏರು ಹತ್ತುವಾಗ ಏದುಸಿರು, ಒಣಕೆಮ್ಮು. ಆಮೇಲೆ ಕೂತಲ್ಲೇ ಉಸಿರು ಸಾಲದ ಸ್ಥಿತಿ. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಎರಡರ ಲಕ್ಷಣಗಳೂ ಒಂದನ್ನೊಂದು ಹೋಲುವುದರಿಂದ ಕಾರ್ಮಿಕ ಕ್ಷಯದ ಗುಳಿಗೆ ನುಂಗುತ್ತಲೇ ಇದ್ದು, ಮೂಲ ರೋಗ ಪತ್ತೆಯಾಗದೆ ಉಳಿಯುವುದೂ ಉಂಟು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಸ್ಫಟಿಕ ಸಿಲಿಕಾ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ಕರ್ನಾಟಕದ ನೆಲದಲ್ಲೇ. 1934ರಲ್ಲಿ ಕೋಲಾರದ ಚಿನ್ನದ ಗಣಿಗಳಿಂದ ಅದರ ವಿವರ ಹೊರಬಂತು. 1940ರ ದಶಕದಲ್ಲಿ ಅಲ್ಲಿನ ಸಾವಿರಾರು ಗಣಿ ಕಾರ್ಮಿಕರ ತಪಾಸಣೆ ನಡೆದಾಗ ಶೇ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅದೇ ಸಿಲಿಕಾ ದೂಳು ಫೌಂಡ್ರಿ, ಕಲ್ಲುಕ್ವಾರಿ, ಜಲ್ಲಿ ಕ್ರಷರ್, ಸೆರಾಮಿಕ್ ಘಟಕಗಳಲ್ಲಿ ಇಂದಿಗೂ ಇದೆ.

ಮಾಸ್ಕಿನ ಬಗೆಗಳು

ಕಾರ್ಖಾನೆಗಳಲ್ಲಿ ಮಾಸ್ಕ್ ಎಂಬ ಒಂದೇ ಹೆಸರಿನಡಿ ತೀರ ಬೇರೆಬೇರೆ ವಸ್ತುಗಳು ಓಡಾಡುತ್ತವೆ. ಮುಖಕ್ಕೆ ಸುತ್ತಿದ ಟವೆಲು, ಕರ್ಚೀಫು, ಆಸ್ಪತ್ರೆಯ ಮೂರು ಪದರದ ಮಾಸ್ಕ್ ಇವು ಯಾವುವೂ ಉಸಿರುರಕ್ಷಕಗಳಲ್ಲ. ಸೂಕ್ಷ್ಮ ಸಿಲಿಕಾ ಕಣಕ್ಕೆ ನೇಯ್ದ ಬಟ್ಟೆಯ ರಂಧ್ರಗಳು ಹೆಬ್ಬಾಗಿಲಿನಷ್ಟು ದೊಡ್ಡವು.

ಉಸಿರುರಕ್ಷಕಗಳಲ್ಲಿ ಮೊದಲ ಬಗೆ, ಇಡೀ ಮುಖಭಾಗವೇ ಸೋಸುವ ಬಟ್ಟೆಯಾಗಿರುವ, ಬಳಸಿ ಬಿಸಾಡುವ ಅರೆಮುಖದ ಮಾಸ್ಕ್. ಭಾರತೀಯ ಮಾನಕ ಐಎಸ್ 9473 ಇವನ್ನು ಯುರೋಪಿನ ಮಾದರಿಯಲ್ಲಿ ಎಫ್‌ಎಫ್‌ಪಿ1, ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಎಂದು ವಿಂಗಡಿಸುತ್ತದೆ. ಯುರೋಪಿನ ಮಾನಕದಂತೆ ಇವುಗಳ ಬಟ್ಟೆ ಕ್ರಮವಾಗಿ ಶೇ 80, ಶೇ 94, ಶೇ 99ರಷ್ಟು ಕಣಗಳನ್ನು ತಡೆಯಬೇಕು. ಅಮೆರಿಕದ ಎನ್95 ಮಾಸ್ಕು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕು. ಎರಡನೆಯದು, ರಬ್ಬರ್ ಅಥವಾ ಸಿಲಿಕೋನ್ ಅಂಚಿನ, ಫಿಲ್ಟರ್ ಮಾತ್ರ ಬದಲಿಸುವ ಅರೆಮುಖದ ಮಾಸ್ಕ್. ಮೂರನೆಯದು ಹಣೆಯಿಂದ ಗದ್ದದವರೆಗೆ ಮುಚ್ಚುವ ಪೂರ್ಣಮುಖದ್ದು. ನಾಲ್ಕನೆಯದರಲ್ಲಿ ಸೊಂಟಕ್ಕೆ ಕಟ್ಟಿದ ಬ್ಯಾಟರಿ ಬೀಸಣಿಗೆ ಸೋಸಿದ ಗಾಳಿಯನ್ನು ತಲೆಗವಸಿನೊಳಗೆ ತಳ್ಳುತ್ತದೆ. ಇದರ ಸಡಿಲ ಗವಸಿನ ಮಾದರಿಗೆ ಮುಖದ ಮೇಲೆ ಬಿಗಿಮುದ್ರೆ, ಅಂದರೆ ಅಂಚು ಸಂದಿಯಿಲ್ಲದೆ ಚರ್ಮಕ್ಕೆ ಅಂಟಿ ಕೂರುವುದು, ಬೇಕಿಲ್ಲ. ಹೀಗಾಗಿ ಹೊಂದಿಕೆ ಪರೀಕ್ಷೆಯೂ ಬೇಕಿಲ್ಲ. ಮೊದಲ ಮೂರಕ್ಕೂ ಪರೀಕ್ಷೆ ಅನಿವಾರ್ಯ.

ಉಸಿರು ಬಿಡಲು ಅನುಕೂಲವಾಗುವ ಕವಾಟವುಳ್ಳ ಮಾಸ್ಕ್‌ಗಳ ಬಗ್ಗೆ ಒಂದು ಮಾತು. 2020ರ ಕೋವಿಡ್ ಕಾಲದಲ್ಲಿ ಕೇಂದ್ರ ಆರೋಗ್ಯ ಇಲಾಖೆ ಜನರು ಇವನ್ನು ಬಳಸಬಾರದೆಂದು ಹೇಳಿತ್ತು. ಹಾಕಿಕೊಂಡವರ ಉಸಿರು ಸೋಸದೆ ಹೊರಬರುತ್ತದೆ, ಎದುರಿಗಿರುವವರಿಗೆ ಸೋಂಕು ತಗಲಬಹುದು ಎಂಬುದು ಅದಕ್ಕೆ ಕಾರಣ. ಫೌಂಡ್ರಿಯಲ್ಲಿ ಕಾಪಾಡಬೇಕಾದದ್ದು ಹಾಕಿಕೊಂಡವರನ್ನು. ಉಸಿರೆಳೆಯುವಾಗ ಕವಾಟ ಮುಚ್ಚಿಕೊಳ್ಳುವುದರಿಂದ ರಕ್ಷಣೆಗೆ ಕುಂದಿಲ್ಲ. ಕುಲುಮೆಯ ಬಿಸಿಯಲ್ಲಿ ಮಾಸ್ಕಿನ ಒಳಗಿನ ಸೆಕೆ ಕಡಿಮೆಯಾಗಿ, ಹೆಚ್ಚು ಹೊತ್ತು ಹಾಕಿಕೊಂಡಿರಲು ಅದು ನೆರವಾಗುತ್ತದೆ.

ಸೋರಿಕೆ

ಉಸಿರೆಳೆದಾಗ ಮಾಸ್ಕಿನ ಒಳಗೆ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿ ನುಗ್ಗುತ್ತದೆ. ದಪ್ಪ ಬಟ್ಟೆಯ ಮೂಲಕ ಹಾದುಹೋಗಲು ಗಾಳಿಗೆ ಅಡೆತಡೆ ಇದೆ, ಸಂದಿಯಲ್ಲಿ ಇಲ್ಲ. ಹೀಗಾಗಿ ಮೂಗಿನ ಪಕ್ಕದ ಸಣ್ಣ ಸಂದಿಯೂ ತನ್ನ ಅಗಲಕ್ಕೆ ಮೀರಿದಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ಬಟ್ಟೆ ಎಷ್ಟೇ ಉತ್ತಮವಾಗಿದ್ದರೂ ಸಂದಿಯಿಂದ ಬಂದ ಗಾಳಿ ಸೋಸದ ಗಾಳಿಯೇ. ಇನ್ನೂ ಒಂದು ಸಂಗತಿ ಇದೆ: ಫಿಲ್ಟರಿನಲ್ಲಿ ದೂಳು ಕಟ್ಟಿಕೊಂಡಂತೆ ಉಸಿರೆಳೆಯುವುದು ಕಷ್ಟವಾಗಿ, ಗಾಳಿ ಸಂದಿಯ ದಾರಿಯನ್ನೇ ಹೆಚ್ಚು ಹಿಡಿಯುತ್ತದೆ.

ಸೋರುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವು: ಮೂಗಿನ ಸೇತುವೆಯ ಎರಡು ಬದಿ, ಕೆನ್ನೆಯ ಎಲುಬಿನ ಕೆಳಗೆ, ಗದ್ದದ ಅಡಿ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒಂದೇ ಕೈಯಿಂದ ಚಿವುಟಿದರೆ ಅದು ನಡುವೆ ಚೂಪಾಗಿ ಎದ್ದು ಎರಡೂ ಪಕ್ಕದಲ್ಲಿ ಸಂದಿ ಬಿಡುತ್ತದೆ. ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಬಂದರೆ ಪಟ್ಟಿ ಮೂಗಿನ ಆಕಾರಕ್ಕೆ ಬಾಗುತ್ತದೆ. ತಲೆಪಟ್ಟಿಗಳಲ್ಲಿ ಮೇಲಿನದು ನೆತ್ತಿಯ ಹಿಂಭಾಗದಲ್ಲಿ, ಕೆಳಗಿನದು ಕಿವಿಯ ಕೆಳಗೆ ಹಾದು ಕತ್ತಿನ ಹಿಂದೆ ಕೂರಬೇಕು. ಕೆಳಗಿನ ಪಟ್ಟಿಯನ್ನು ಹಾಕಿಕೊಳ್ಳದೆ ಗದ್ದದ ಕೆಳಗೆ ಜೋತುಬಿಡುವುದು, ಎರಡನ್ನೂ ಒಂದೇ ಎತ್ತರದಲ್ಲಿ ಕಟ್ಟುವುದು ಫೆಟ್ಲಿಂಗ್ ವಿಭಾಗಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷಗಳು. ಬೇಗ ಹಾಕಿ ತೆಗೆಯಲು ಅನುಕೂಲವೆಂದು ಕಿವಿಗೆ ಸಿಕ್ಕಿಸುವ ಮಾದರಿಗಳನ್ನು ಕೊಳ್ಳುವುದೂ ಇದೆ. ಕಿವಿಯ ಎಳೆತದಿಂದ ಮಾಸ್ಕ್ ಮುಖಕ್ಕೆ ಸಾಕಷ್ಟು ಬಿಗಿಯಾಗಿ ಕೂರುವುದು ಕಷ್ಟ.

ಪರೀಕ್ಷೆಯ ವಿಧಾನಗಳು

ಪರೀಕ್ಷೆಯಲ್ಲಿ ಎರಡು ಬಗೆ. ಗುಣಾತ್ಮಕ ಪರೀಕ್ಷೆ ಕಾರ್ಮಿಕನ ನಾಲಿಗೆ ಅಥವಾ ಮೂಗನ್ನೇ ನಂಬುತ್ತದೆ. ಪರಿಮಾಣಾತ್ಮಕ ಪರೀಕ್ಷೆ ಯಂತ್ರದಿಂದ ಅಳೆಯುತ್ತದೆ.

ರುಚಿ ನೋಡುವ ಪರೀಕ್ಷೆ ಅಗ್ಗದ್ದು, ಸಣ್ಣ ಘಟಕಗಳಿಗೆ ಒಗ್ಗುವಂಥದ್ದು. ಸಿಹಿಯಾದ ಸ್ಯಾಕರಿನ್ ಅಥವಾ ತೀರ ಕಹಿಯಾದ ಬಿಟ್ರೆಕ್ಸ್ ದ್ರಾವಣ ಬೇಕು. ಮೊದಲು ಮಾಸ್ಕ್ ಇಲ್ಲದೆ, ಮುಂದೆ ಪಾರದರ್ಶಕ ಹಾಳೆಯುಳ್ಳ ಗವಸನ್ನು ಕಾರ್ಮಿಕನ ತಲೆಯ ಮೇಲಿಟ್ಟು, ತೆಳುವಾದ ದ್ರಾವಣವನ್ನು ಸಣ್ಣ ಸಿಂಪರಣೆ ಬುಡ್ಡಿಯಿಂದ ಹತ್ತು ಸಲ ಒತ್ತಿ ಒಳಗೆ ಬಿಡುತ್ತಾರೆ. ಬಾಯಿ ತುಸು ತೆರೆದು, ನಾಲಿಗೆ ಸ್ವಲ್ಪ ಹೊರಚಾಚಿ ಉಸಿರಾಡುತ್ತಿರುವಾತನಿಗೆ ರುಚಿ ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ಇನ್ನೂ ಹತ್ತು, ಮತ್ತೂ ಹತ್ತು. ಮೂವತ್ತಕ್ಕೂ ಗೊತ್ತಾಗದವರಿಗೆ ಈ ದ್ರಾವಣದ ಪರೀಕ್ಷೆ ನಡೆಯುವುದಿಲ್ಲ. ಗೊತ್ತಾದವರು ಬಾಯಿ ತೊಳೆದುಕೊಂಡು, ಮಾಸ್ಕ್ ಹಾಕಿ ಕನಿಷ್ಠ ಐದು ನಿಮಿಷ ಇರಬೇಕು. ಅದು ಎಲ್ಲಾದರೂ ಒತ್ತುತ್ತದೆಯೇ ಎಂದು ತಿಳಿಯಲು ಇಷ್ಟು ಹೊತ್ತು ಬೇಕು. ನಂತರ ಅದೇ ಗವಸಿನೊಳಗೆ ಹೆಚ್ಚು ಗಾಢವಾದ ದ್ರಾವಣವನ್ನು ಬಿಡುತ್ತಾರೆ. ಗಾಳಿಯಲ್ಲಿ ಅದರ ಪ್ರಮಾಣ ಕುಗ್ಗದಂತೆ ಮೂವತ್ತು ಸೆಕೆಂಡಿಗೊಮ್ಮೆ, ಮೊದಲು ಒತ್ತಿದ್ದರ ಅರ್ಧದಷ್ಟು ಸಲ ಮತ್ತೆ ಒತ್ತುತ್ತಾರೆ.

ಈ ನಡುವೆ ಕಾರ್ಮಿಕ ಸುಮ್ಮನೆ ಕೂರುವಂತಿಲ್ಲ. ಸಾಮಾನ್ಯ ಉಸಿರಾಟ, ದೀರ್ಘ ಉಸಿರಾಟ, ತಲೆಯನ್ನು ಎಡಬಲಕ್ಕೆ ತಿರುಗಿಸುವುದು, ಮೇಲೆ ಕೆಳಗೆ ಆಡಿಸುವುದು, ಮಾತಾಡುವುದು, ಬಗ್ಗಿ ಏಳುವುದು, ಮತ್ತೆ ಸಾಮಾನ್ಯ ಉಸಿರಾಟ ಹೀಗೆ ಒಂದೊಂದನ್ನೂ ಒಂದೊಂದು ನಿಮಿಷ ಮಾಡಬೇಕು. ಮಾತಿಗೆ ಗೊತ್ತಾದ ಪಠ್ಯ ಓದಿಸಬಹುದು, ಇಲ್ಲವೇ ನೂರರಿಂದ ಹಿಂದಕ್ಕೆ ಎಣಿಸಲು ಹೇಳಬಹುದು. ಕನ್ನಡವೋ ಮರಾಠಿಯೋ ಹಿಂದಿಯೋ ಯಾವುದಾದರೂ ಸರಿ, ದವಡೆ ಆಡಬೇಕು. ಭಾರದ ಎರಕವನ್ನು ಬಗ್ಗಿ ಎತ್ತುವಾಗ, ಗ್ರೈಂಡರಿನ ಸದ್ದಿನ ನಡುವೆ ಜೊತೆಗಾರನನ್ನು ಕೂಗುವಾಗ ಮಾಸ್ಕ್ ಜರುಗುತ್ತದೆಯೇ ಎಂಬುದನ್ನು ಈ ಚಲನೆಗಳು ಬಯಲು ಮಾಡುತ್ತವೆ. ಎಲ್ಲಾದರೂ ರುಚಿ ತಿಳಿದರೆ ಆ ಮಾಸ್ಕ್ ಆ ಮುಖಕ್ಕೆ ನಪಾಸು. ಸರಿಯಾಗಿ ಹಾಕಿಕೊಂಡು ಮತ್ತೊಮ್ಮೆ ನೋಡಬೇಕು. ಆಗಲೂ ನಪಾಸಾದರೆ ಬೇರೆ ಅಳತೆ ಅಥವಾ ಬೇರೆ ಮಾದರಿ ಕೊಡಬೇಕು. ಇಲ್ಲಿ ನಪಾಸಾಗುವುದು ಮಾಸ್ಕ್, ಕಾರ್ಮಿಕನಲ್ಲ. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ, ಕೆಲಸ ಹೋದೀತೆಂಬ ಅಂಜಿಕೆಯಿಂದ ರುಚಿ ತಿಳಿದರೂ ತಿಳಿಯಲಿಲ್ಲ ಎನ್ನುವುದು ತಪ್ಪುತ್ತದೆ.

ಪರಿಮಾಣಾತ್ಮಕ ಪರೀಕ್ಷೆಯಲ್ಲಿ ಮಾಸ್ಕಿಗೆ ತೆಳುನಳಿಗೆ ಜೋಡಿಸಿ, ಹೊರಗಿನ ಮತ್ತು ಒಳಗಿನ ಗಾಳಿಯಲ್ಲಿರುವ ಕಣಗಳನ್ನು ಯಂತ್ರದಿಂದ ಎಣಿಸುತ್ತಾರೆ. ಹೊರಗಿನ ಎಣಿಕೆಯನ್ನು ಒಳಗಿನದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಹೊಂದಿಕೆ ಅಂಕ. ಹೊರಗೆ 10,000 ಕಣ, ಒಳಗೆ 100 ಇದ್ದರೆ ಅಂಕ 100. ಅಮೆರಿಕದ ನಿಯಮದಂತೆ ಅರೆಮುಖದ ಮಾಸ್ಕಿಗೆ ಕನಿಷ್ಠ 100, ಪೂರ್ಣಮುಖದ್ದಕ್ಕೆ ಕನಿಷ್ಠ 500 ಬರಬೇಕು. ಮಾಸ್ಕಿನ ಒಳಗಿನ ಒತ್ತಡವನ್ನು ತಗ್ಗಿಸಿ ಸೋರಿಕೆಯನ್ನು ನೇರವಾಗಿ ಅಳೆಯುವ ವಿಧಾನವೂ ಇದೆ. ಯಂತ್ರ ದುಬಾರಿ, ಆದರೆ ಫಲಿತಾಂಶ ಯಾರ ನಾಲಿಗೆಯ ಮೇಲೂ ನಿಂತಿರುವುದಿಲ್ಲ.

ನಾಲಿಗೆಯ ಮಾತು ನಮ್ಮ ಕಡೆ ವಿಶೇಷವಾಗಿ ಮುಖ್ಯ. ರುಚಿ ಪರೀಕ್ಷೆಗೆ ಮೊದಲು ಹದಿನೈದು ನಿಮಿಷ ನೀರಿನ ಹೊರತು ಏನನ್ನೂ ತಿನ್ನಬಾರದು, ಕುಡಿಯಬಾರದು, ಜಗಿಯಬಾರದು. ಎಲೆಯಡಿಕೆ, ತಂಬಾಕು, ಗುಟ್ಕಾ ದವಡೆಯಲ್ಲಿಟ್ಟುಕೊಂಡು ಬಂದವರ ರುಚಿಯ ಸಾಕ್ಷಿಯನ್ನು ನಂಬುವಂತಿಲ್ಲ. ಕಣ ಎಣಿಸುವ ಪರೀಕ್ಷೆಗೆ ಮೊದಲು ಬೀಡಿ, ಸಿಗರೇಟು ಸೇದಿದ್ದರೆ, ಬಿಡುವ ಉಸಿರಿನಲ್ಲೇ ಹೊಗೆಯ ಕಣಗಳಿರುವುದರಿಂದ ಎಣಿಕೆ ತಪ್ಪುತ್ತದೆ.

ದಿನದ ಮುದ್ರೆ ತಪಾಸಣೆ

ಹೊಂದಿಕೆ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯುವಂಥದ್ದು. ಮುದ್ರೆ ತಪಾಸಣೆ ಪ್ರತಿ ಸಲ ಮಾಸ್ಕ್ ಹಾಕಿಕೊಂಡಾಗಲೂ ಕಾರ್ಮಿಕ ತಾನೇ ಮಾಡಿಕೊಳ್ಳುವಂಥದ್ದು. ಬಿಸಾಡುವ ಮಾಸ್ಕನ್ನು ಎರಡು ಅಂಗೈಗಳಿಂದ ಮೆಲ್ಲಗೆ ಮುಚ್ಚಿ, ಕವಾಟ ಇಲ್ಲದಿದ್ದರೆ ಜೋರಾಗಿ ಉಸಿರು ಬಿಡಬೇಕು, ಕವಾಟ ಇದ್ದರೆ ಜೋರಾಗಿ ಎಳೆಯಬೇಕು. ಕಣ್ಣಿನ ಕಡೆಗೋ ಕೆನ್ನೆಯ ಮೇಲೋ ಗಾಳಿ ಆಡಿದಂತಾದರೆ ಪಟ್ಟಿ ಸರಿಮಾಡಿ ಮತ್ತೆ ನೋಡಬೇಕು. ರಬ್ಬರ್ ಮಾಸ್ಕಿನಲ್ಲಿ ಫಿಲ್ಟರುಗಳನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದಾಗ ಮಾಸ್ಕ್ ಮುಖಕ್ಕೆ ಅಂಟಿ ಹಾಗೆಯೇ ಕೆಲವು ಸೆಕೆಂಡು ನಿಲ್ಲಬೇಕು. ಈ ತಪಾಸಣೆ ಹೊಂದಿಕೆ ಪರೀಕ್ಷೆಗೆ ಬದಲಿಯಲ್ಲ. ದೊಡ್ಡ ಸಂದಿ ಮಾತ್ರ ಇದರಲ್ಲಿ ಗೊತ್ತಾಗುತ್ತದೆ. ಸಣ್ಣದು ಹಾಗೆಯೇ ಉಳಿಯಬಹುದು.

ಮುಖದ ರಚನೆ, ಗಡ್ಡ, ಕನ್ನಡಕ

ಮಾಸ್ಕಿನ ಅಂಚು ಚರ್ಮಕ್ಕೆ ತಗುಲಬೇಕು, ಕೂದಲಿಗಲ್ಲ. ಎರಡು ದಿನ ಬೋಳಿಸದೆ ಬಿಟ್ಟ ಕುರುಚಲು ಗಡ್ಡವೂ ಸೋರಿಕೆ ಹೆಚ್ಚಿಸುತ್ತದೆ. ಅಂಚಿನೊಳಗೆ ಉಳಿಯುವ ಮೀಸೆಯಿಂದ ತೊಂದರೆಯಿಲ್ಲ, ಕವಾಟಕ್ಕೆ ಅಡ್ಡಬರದಿದ್ದರೆ ಸಾಕು. ಗಡ್ಡದ ಪ್ರಶ್ನೆ ಬರೀ ಶಿಸ್ತಿನದ್ದಲ್ಲ. ಶ್ರಾವಣದಲ್ಲಿ ಕ್ಷೌರ ಮಾಡಿಸದವರು, ಅಯ್ಯಪ್ಪ ಮಾಲೆ ಹಾಕಿ ವ್ರತದಲ್ಲಿರುವವರು, ಧರ್ಮದ ನಿಷ್ಠೆಯಿಂದ ಗಡ್ಡ ಬಿಟ್ಟ ಮುಸ್ಲಿಮರು, ಸಿಖ್ಖರು ಒಂದೇ ಶೆಡ್ಡಿನಲ್ಲಿ ಇರಬಹುದು. ಇಂಥವರಿಗೆ ಸಡಿಲ ತಲೆಗವಸಿನ, ಬೀಸಣಿಗೆಯ ಉಸಿರುರಕ್ಷಕವೇ ಸರಿಯಾದ ಪರಿಹಾರ. ವ್ರತದ ಅವಧಿಗೆ ದೂಳು ಕಡಿಮೆ ಇರುವ ವಿಭಾಗಕ್ಕೆ ಬದಲಿಸುವುದು ಇನ್ನೊಂದು ದಾರಿ. ಗಡ್ಡವನ್ನು ಹಿಗ್ಗುವ ಪಟ್ಟಿಯಿಂದ ಒತ್ತಿ ಕಟ್ಟಿ ಅದರ ಮೇಲೆ ಮಾಸ್ಕ್ ಹಾಕುವ 'ಸಿಂಗ್ ಠಾಠಾ' ಕ್ರಮವನ್ನು ಬ್ರಿಟನ್ನಿನ ಸಿಖ್ ವೈದ್ಯರು ಕೋವಿಡ್ ಕಾಲದಲ್ಲಿ ಬಳಕೆಗೆ ತಂದರು. ಅದನ್ನು ಬಳಸುವುದಾದರೂ ಹೊಂದಿಕೆ ಪರೀಕ್ಷೆಯಲ್ಲಿ ಪಾಸಾಗಿರಲೇಬೇಕು.

ಕನ್ನಡಕ, ಗ್ರೈಂಡಿಂಗ್ ಗಾಗಲ್, ಹೆಲ್ಮೆಟ್, ಕಿವಿಗವಸು ಎಲ್ಲವನ್ನೂ ಕೆಲಸದಲ್ಲಿ ಧರಿಸುವುದಾದರೆ ಪರೀಕ್ಷೆಯೂ ಅವನ್ನೆಲ್ಲ ಹಾಕಿಕೊಂಡೇ ನಡೆಯಬೇಕು. ಗಾಗಲ್ ಮೂಗಿನ ಪಟ್ಟಿಯನ್ನು ತಳ್ಳಿ ಸಂದಿ ಮಾಡುವುದು ಸಾಮಾನ್ಯ. ದೇಹದ ತೂಕ ಬಹಳ ಏರಿಳಿದರೆ, ಹಲ್ಲು ಕೀಳಿಸಿದರೆ ಅಥವಾ ಹಲ್ಲಿನ ಸೆಟ್ ಹಾಕಿಸಿದರೆ, ಮುಖಕ್ಕೆ ಪೆಟ್ಟಾಗಿ ಕಲೆ ಉಳಿದರೆ ವರ್ಷ ತುಂಬುವ ಮೊದಲೇ ಮರುಪರೀಕ್ಷೆ ಬೇಕು.

ಮಾಸ್ಕ್‌ಗಳ ವಿನ್ಯಾಸಕ್ಕೂ ಒಂದು ಚರಿತ್ರೆ ಇದೆ. 1970ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯ ರೂಪಿಸಿದ ಮುಖಗಳ ಮಾದರಿ ಪಟ್ಟಿಕೆ ಆ ದೇಶದ ವಾಯುಪಡೆಯವರ ಅಳತೆಗಳನ್ನು ಆಧರಿಸಿತ್ತು. 2000ದ ನಂತರ ಅಲ್ಲಿನ ನಾಗರಿಕ ಕಾರ್ಮಿಕರ ಮುಖಗಳನ್ನೇ ಅಳೆದು ಅದನ್ನು ಪರಿಷ್ಕರಿಸಲಾಯಿತು. ಕಿರಿದಾದ ಮುಖದ ಗಂಡಸರಿಗೆ, ಹಲವು ಹೆಂಗಸರಿಗೆ 'ಎಲ್ಲರಿಗೂ ಒಂದೇ ಅಳತೆ' ಎಂದು ಮಾರುವ ಮಾಸ್ಕ್ ದೊಡ್ಡದಾಗುವ ಸಂಭವವಿದೆ. ಒಂದೇ ಮಾದರಿಯನ್ನು ಸಗಟಾಗಿ ಕೊಂಡು ಎಲ್ಲರಿಗೂ ಹಂಚುವ ಕಾರ್ಖಾನೆಯಲ್ಲಿ ಕೆಲವರಾದರೂ ಹೊಂದದ ಮಾಸ್ಕಿನಲ್ಲಿ ದುಡಿಯುತ್ತಿರುತ್ತಾರೆ. ಕನಿಷ್ಠ ಎರಡು ಮೂರು ಮಾದರಿ, ಬೇರೆಬೇರೆ ಅಳತೆಗಳನ್ನು ಇಟ್ಟುಕೊಳ್ಳುವುದು ಪರೀಕ್ಷೆಯ ಮೊದಲ ಷರತ್ತು.

ನಿಯಮಗಳು ಬೆಳೆದ ಬಗೆ

1910–11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಹರಡಿದಾಗ ವೈದ್ಯ ವು ಲಿಯೆನ್ ತೆ ಹತ್ತಿ ಮತ್ತು ಗಾಜ್ ಬಟ್ಟೆಯ ಮಾಸ್ಕನ್ನು ವ್ಯಾಪಕವಾಗಿ ಬಳಕೆಗೆ ತಂದರು. ಕೈಗಾರಿಕೆಯ ಮಾಸ್ಕಿಗೆ ಕಾನೂನಿನ ಬಲ ತಂದುಕೊಟ್ಟದ್ದು ಸಿಲಿಕಾ ದುರಂತ. 1930–31ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗವನ್ನು ಸಿಲಿಕಾ ಬಂಡೆಯಲ್ಲಿ ಕೊರೆದ ನೂರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಕರಿಯರು, ಸಿಲಿಕೋಸಿಸ್‌ನಿಂದ ಸತ್ತರು. ಆ ದಶಕದಲ್ಲೇ ಅಲ್ಲಿನ ಗಣಿ ಬ್ಯೂರೋ ದೂಳು ಮಾಸ್ಕ್‌ಗಳನ್ನು ಪರೀಕ್ಷಿಸಿ ಮಾನ್ಯ ಮಾಡಲು ಆರಂಭಿಸಿತು. ಎನ್95 ಎಂಬ ವರ್ಗ ಬಂದದ್ದು 1995ರಲ್ಲಿ. ಬಿಗಿಮುದ್ರೆಯ ಪ್ರತಿ ಮಾಸ್ಕಿಗೂ ಮೊದಲ ಬಳಕೆಗೆ ಮುಂಚೆ, ಆಮೇಲೆ ವರ್ಷಕ್ಕೊಮ್ಮೆ ಹೊಂದಿಕೆ ಪರೀಕ್ಷೆ ಕಡ್ಡಾಯ ಎಂಬ ವಿವರವಾದ ನಿಯಮವನ್ನು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1998ರಲ್ಲಿ ಜಾರಿಗೆ ತಂದಿತು. ಪರೀಕ್ಷೆಯ ಕ್ರಮಕ್ಕಾಗಿ 2017ರಲ್ಲಿ ಐಎಸ್‌ಒ 16975-3 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು.

ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ದೂಳು, ಹೊಗೆಯನ್ನು ಅದು ಹುಟ್ಟುವ ಜಾಗದಲ್ಲೇ ಹೀರಿ ತೆಗೆಯಬೇಕೆಂದಿತು. ಫೌಂಡ್ರಿಗಳನ್ನು ಅಪಾಯಕರ ಪ್ರಕ್ರಿಯೆಯ ಪಟ್ಟಿಗೆ, ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಅದೇ ಕಾಯ್ದೆ ಸೇರಿಸಿತ್ತು. ರಾಜ್ಯದಲ್ಲಿ 1969ರ ಕರ್ನಾಟಕ ಕಾರ್ಖಾನೆ ನಿಯಮಗಳ ಮೂಲಕ ಕಾರ್ಖಾನೆ, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಇವುಗಳ ಪಾಲನೆಯನ್ನು ನೋಡಿಕೊಂಡು ಬಂದಿದೆ. 2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲಿಗೆ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯು ಕಾರ್ಮಿಕರ ವಾರ್ಷಿಕ ಉಚಿತ ಆರೋಗ್ಯ ತಪಾಸಣೆಯ ಹೊಣೆಯನ್ನು ಮಾಲೀಕರ ಮೇಲಿಟ್ಟಿದೆ. ಮಾಸ್ಕಿನ ಆಯ್ಕೆ, ಬಳಕೆ, ನಿರ್ವಹಣೆಗೆ ಐಎಸ್ 9623 ಎಂಬ ಮಾನಕ ಇದೆ. ಆದರೆ ಪ್ರತಿ ಮುಖಕ್ಕೂ ವರ್ಷಕ್ಕೊಮ್ಮೆ ಹೊಂದಿಕೆ ಪರೀಕ್ಷೆ ಮಾಡಲೇಬೇಕೆಂಬ ಸ್ಪಷ್ಟ ಮಾತು ಕಾರ್ಖಾನೆ ಕಾಯ್ದೆಯಲ್ಲಿ ಇರಲಿಲ್ಲ. ರಕ್ಷಣಾ ಸಲಕರಣೆ ಒದಗಿಸಲಾಗಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಬಿದ್ದರೆ ಸಾಕು ಎಂಬ ರೂಢಿ ಬೆಳೆಯಲು ಇದೂ ಒಂದು ಕಾರಣ.

ಲೆಕ್ಕಾಚಾರ

ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ, ಉಸಿರಿನಲ್ಲಿ ಒಳಹೋಗಬಲ್ಲ ಸಿಲಿಕಾ ದೂಳಿನ ಮಿತಿ ಘನಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತಿಳಿಯಲು, ದೂಳಿನಲ್ಲಿರುವ ಕ್ವಾರ್ಟ್ಜ್‌ನ ಶೇಕಡಾ ಪ್ರಮಾಣಕ್ಕೆ 2 ಕೂಡಿಸಿ, ಬಂದ ಸಂಖ್ಯೆಯಿಂದ 10ನ್ನು ಭಾಗಿಸಬೇಕಿತ್ತು. ದೂಳಿನಲ್ಲಿ ಶೇ 30 ಕ್ವಾರ್ಟ್ಜ್ ಇದೆ ಎಂದುಕೊಂಡರೆ ಮಿತಿ ಸುಮಾರು 0.31 ಮಿಲಿಗ್ರಾಂ. ಅಳೆದಾಗ ಗಾಳಿಯಲ್ಲಿ 1.5 ಮಿಲಿಗ್ರಾಂ ದೂಳು ಸಿಕ್ಕರೆ ಅದು ಮಿತಿಯ ಐದು ಪಟ್ಟು. ಹೊಂದಿಕೆ ಪರೀಕ್ಷೆಯಲ್ಲಿ ಪಾಸಾದ ಅರೆಮುಖದ ಮಾಸ್ಕ್ ದೂಳನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆಂದು ಲೆಕ್ಕ ಹಿಡಿಯುವುದರಿಂದ ಇಲ್ಲಿ ಅದು ಸಾಕು. ದೂಳು 6 ಮಿಲಿಗ್ರಾಂ ಇದ್ದರೆ ಮಿತಿಯ ಹತ್ತೊಂಬತ್ತು ಪಟ್ಟಾಯಿತು. ಆಗ ಎಷ್ಟು ಚೆನ್ನಾಗಿ ಹೊಂದುವ ಎನ್95 ಕೂಡ ಸಾಲದು. ಐವತ್ತು ಪಟ್ಟು ಇಳಿಸುವ ಪೂರ್ಣಮುಖದ ಮಾಸ್ಕ್ ಬೇಕು, ಇಲ್ಲವೇ ದೂಳನ್ನೇ ತಗ್ಗಿಸಬೇಕು. ಅಮೆರಿಕ 2016ರಲ್ಲಿ ಸಿಲಿಕಾದ ಮಿತಿಯನ್ನು 0.05 ಮಿಲಿಗ್ರಾಂಗೆ ಇಳಿಸಿತು. ದೂಳಿನಲ್ಲಿರುವ ಶೇ 30 ಕ್ವಾರ್ಟ್ಜ್ ಅನ್ನಷ್ಟೇ ಲೆಕ್ಕ ಹಿಡಿದರೂ ಮೇಲಿನ ಮೊದಲ ಉದಾಹರಣೆ ಆ ಮಿತಿಯ ಒಂಬತ್ತು ಪಟ್ಟಾಗುತ್ತದೆ.

ಇನ್ನೊಂದು ಲೆಕ್ಕ ವೇಳೆಯದು. ಹತ್ತು ಪಟ್ಟು ರಕ್ಷಣೆ ಕೊಡುವ ಮಾಸ್ಕನ್ನು ಎಂಟು ಗಂಟೆಯ ಪಾಳಿಯಲ್ಲಿ ಒಟ್ಟು 48 ನಿಮಿಷ, ಅಂದರೆ ಹತ್ತನೇ ಒಂದು ಭಾಗ, ದೂಳಿನಲ್ಲೇ ತೆಗೆದಿಟ್ಟರೆ ಇಡೀ ಪಾಳಿಯ ರಕ್ಷಣೆ ಸುಮಾರು ಐದು ಪಟ್ಟಿಗೆ ಕುಸಿಯುತ್ತದೆ. ಗುಟ್ಕಾ ಉಗುಳಲು, ಫೋನಿನಲ್ಲಿ ಮಾತಾಡಲು, ಬೆವರು ಒರೆಸಲು ಆಗಾಗ ಮಾಸ್ಕ್ ಇಳಿಸಿದರೆ 48 ನಿಮಿಷ ಬೇಗ ತುಂಬುತ್ತದೆ. ಮಾಸ್ಕ್ ತೆಗೆದು ಕೂರಲು ದೂಳಿಲ್ಲದ ವಿಶ್ರಾಂತಿ ಕೋಣೆ, ಕುಡಿಯುವ ನೀರು ಒದಗಿಸುವುದೂ ಹೊಂದಿಕೆಯ ಕಾರ್ಯಕ್ರಮದ ಭಾಗವೇ.

ಮಾಸ್ಕಿನ ಮಿತಿ

ಅಪಾಯ ತಗ್ಗಿಸುವ ದಾರಿಗಳಲ್ಲಿ ಮಾಸ್ಕ್ ಕೊನೆಯದು. ನಾಕೌಟ್ ಜಾಗದಲ್ಲಿ ದೂಳು ಹೀರುವ ಹುಡ್, ಮುಚ್ಚಿದ ಶಾಟ್ ಬ್ಲಾಸ್ಟಿಂಗ್ ಯಂತ್ರ, ಒಣಪೊರಕೆಯ ಬದಲು ವ್ಯಾಕ್ಯೂಮ್ ಅಥವಾ ಒದ್ದೆ ಗುಡಿಸುವಿಕೆ ಇವು ಮೊದಲು ಬರಬೇಕು. ಕಂಪ್ರೆಸರಿನ ಗಾಳಿಯಿಂದ ಬಟ್ಟೆಯ ದೂಳು ಊದಿಕೊಳ್ಳುವ ರೂಢಿ ನಿಲ್ಲಬೇಕು. ಎರಕ ಶುಚಿಮಾಡಲು ಉಸುಕಿನ ಬ್ಲಾಸ್ಟಿಂಗನ್ನು ಬ್ರಿಟನ್ 1949ರಲ್ಲೇ ನಿಷೇಧಿಸಿತು. ಉಕ್ಕಿನ ಗುಂಡು ಬಳಸಿದರೆ ಸಿಲಿಕಾದ ಅಪಾಯ ಬಹಳ ಇಳಿಯುತ್ತದೆ.

ದೂಳಿನ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಕ್ಯುಪೋಲಾದ ಬಳಿಯ ಕಾರ್ಬನ್ ಮಾನಾಕ್ಸೈಡಿಗೆ ಎನ್95 ನಿರುಪಯೋಗಿ. ರಾಳ ಬೆರೆತ ಕೋರ್‌ಗಳ ಆವಿಗೆ ಬೇರೆ ಕಾರ್ಟ್ರಿಜ್ ಬೇಕು. ಆಮ್ಲಜನಕ ಕಡಿಮೆ ಇರುವ ಗುಂಡಿ, ಟ್ಯಾಂಕು, ಮ್ಯಾನ್‌ಹೋಲುಗಳಿಗೆ ಯಾವ ಸೋಸುವ ಮಾಸ್ಕ್ ಹಾಕಿಕೊಂಡು ಇಳಿದರೂ ಸಾವು ಖಚಿತವೆನ್ನುವಷ್ಟು ಅಪಾಯ. ಖಾನಾಪುರ ಕಡೆಯ ಇಟ್ಟಿಗೆ ಭಟ್ಟಿ, ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಬಗಾಸ್ ಅಂಗಳ, ಅಕ್ಕಿ ಗಿರಣಿಗಳಲ್ಲಿ ದೂಳಿನ ಸ್ವಭಾವ ಬೇರೆಬೇರೆ. ಎಲ್ಲಿ ಯಾವ ದೂಳು, ಎಷ್ಟು ಎಂದು ಅಳೆದ ಮೇಲೆ ಮಾಸ್ಕ್ ಆರಿಸಬೇಕು. ಆರಿಸಿದ ಮೇಲೆ ಮುಖಕ್ಕೆ ಹೊಂದಿಸಬೇಕು.

ಸಣ್ಣ ಘಟಕಗಳಲ್ಲಿ ಅಳವಡಿಕೆ

ಹತ್ತಿಪ್ಪತ್ತು ಜನರ ಫೌಂಡ್ರಿಗೆ ಕಣ ಎಣಿಸುವ ಯಂತ್ರ ಕೊಳ್ಳುವುದು ಹೊರೆ. ರುಚಿ ಪರೀಕ್ಷೆಯ ಕಿಟ್ ಅಷ್ಟು ದುಬಾರಿಯಲ್ಲ. ಒಬ್ಬರ ಪರೀಕ್ಷೆ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಲೋಹದ ಗುಣ ಪರೀಕ್ಷೆಯಂಥ ಕೆಲಸಗಳಿಗೆ ಒಟ್ಟಾಗಿ ಸೌಲಭ್ಯ ಮಾಡಿಕೊಂಡ ಊರಿಗೆ, ಹೊಂದಿಕೆ ಪರೀಕ್ಷೆಗೂ ಒಟ್ಟಾಗಿ ಒಂದು ಕಿಟ್ಟು, ತರಬೇತಾದ ಒಬ್ಬರು ಸಿಬ್ಬಂದಿ ಇಟ್ಟುಕೊಳ್ಳುವುದು ಕಷ್ಟವಲ್ಲ. ವರ್ಷದ ಆರೋಗ್ಯ ತಪಾಸಣೆಯ ದಿನವೇ ಇದನ್ನೂ ಮುಗಿಸಬಹುದು. ಎದೆಯ ಎಕ್ಸ್‌-ರೇ, ಉಸಿರಾಟ ಪರೀಕ್ಷೆಯ ಜೊತೆಗೆ ಮಾಸ್ಕಿನ ಫಲಿತಾಂಶವೂ ಒಂದೇ ಹಾಳೆಯಲ್ಲಿ ದಾಖಲಾಗುತ್ತದೆ. ಗುತ್ತಿಗೆ ಕಾರ್ಮಿಕರನ್ನು ಇದರಿಂದ ಬಿಡುವಂತಿಲ್ಲ. ನಾಕೌಟ್, ಫೆಟ್ಲಿಂಗ್‌ನಂಥ ದೂಳಿನ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರುತ್ತದೆ. ಸೂಚನೆಗಳನ್ನು ಅವರವರ ಭಾಷೆಯಲ್ಲಿ ಹೇಳಿ, ಕೈಯಲ್ಲಿ ಮಾಸ್ಕ್ ಕೊಟ್ಟು ಹಾಕಿಸಿ ತೋರಿಸಬೇಕು. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಪರವಾನಗಿ ಸಂಖ್ಯೆ ನೋಡಬೇಕು.

ದಾಖಲೆಯಲ್ಲಿ ಇರಬೇಕಾದದ್ದು ಕಾರ್ಮಿಕರ ಹೆಸರು, ಮಾಸ್ಕಿನ ಮಾದರಿ ಮತ್ತು ಅಳತೆ, ಪರೀಕ್ಷೆಯ ವಿಧಾನ, ಫಲಿತಾಂಶ, ದಿನಾಂಕ ಇಷ್ಟೇ. ಈ ಐದು ಕಲಮುಗಳು ತುಂಬಿರದ ಕಾರ್ಖಾನೆ ಮಾಸ್ಕ್ ಹಂಚಿದೆ ಎನ್ನಬಹುದೇ ಹೊರತು ಕಾರ್ಮಿಕರ ಉಸಿರನ್ನು ಕಾಪಾಡಿದೆ ಎನ್ನಲಾಗದು.